ಡ್ಯೂಟಿಯ ನಡುವೆ ಡಾಕ್ಟರೇಟ್

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಜಿಲ್ಲಾ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ಕೆಲಸದಲ್ಲಿದ್ದಾಳೆ. ದುಡಿಯುತ್ತಲೇ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ನರ್ಸಿಂಗ್ ಮುಗಿಸಿದವಳು. ಹಿಂದಿನ ರಾತ್ರಿ ನೈಟ್ ಡ್ಯೂಟಿ ಮಾಡಿದ್ದರಿಂದ ಕಣ್ಣು ಕೆಂಪಾಗಿತ್ತು. ಬ್ಯಾಗಿನಿಂದ ಬಣ್ಣದ ಕರಪತ್ರವೊಂದನ್ನು ತೆಗೆದು ನನ್ನ ಮುಂದಿಟ್ಟಳು.

"ಮೇಡಂ, ಮನೆಯಲ್ಲೇ ಕೂತು ಹದಿನೆಂಟು ತಿಂಗಳಲ್ಲಿ ಡಾಕ್ಟರೇಟ್ ಮಾಡಬಹುದಂತೆ. ಒಂದು ದಿನವೂ ರಜೆ ಬೇಡವಂತೆ. ನಾಳೆ ಮೊದಲ ಕಂತು ಕಟ್ಟಬೇಕು. ಬಳೆ ಅಡವಿಟ್ಟಿದ್ದೇನೆ. ನೀವೊಂದು ಸಲ ನೋಡಿ ಹೇಳಿಬಿಡಿ" ಎಂದಳು.

ಕರಪತ್ರವನ್ನು ಎರಡು ಬಾರಿ ಓದಿದೆ. ಅಂದು ಆಕೆಗೆ ಹೇಳಿದ ಮಾತುಗಳನ್ನೇ ಇಂದು ನಿಮ್ಮ ಮುಂದೆ ತುಸು ವಿಸ್ತಾರವಾಗಿ ಇಡುತ್ತಿದ್ದೇನೆ. ಏಕೆಂದರೆ ಈ ಆಸೆ ಆಕೆಯೊಬ್ಬಳದಲ್ಲ. ಬೆಳಗಿನ ಪಾಳಿ, ಸಂಜೆಯ ಪಾಳಿ, ರಾತ್ರಿಯ ಪಾಳಿ ಎಂದು ಸರದಿಯಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಎಷ್ಟೋ ಮಂದಿಯ ಮನಸ್ಸಿನಲ್ಲಿ ಇದು ಇದೆ. ಆಸೆ ತಪ್ಪಲ್ಲ. ಆದರೆ ಹೋಗುವ ದಾರಿ ಯಾವುದು ಎಂಬುದನ್ನು ತಿಳಿಯದೆ ಹೊರಟರೆ ಹಣವೂ ಹೋಗುತ್ತದೆ, ವಯಸ್ಸೂ ಹೋಗುತ್ತದೆ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳೋಣ. ನರ್ಸ್ ಒಬ್ಬಳಿಗೆ ಡಾಕ್ಟರೇಟ್ ಏತಕ್ಕೆ? "ಇಂಜೆಕ್ಷನ್ ಕೊಡೋದಕ್ಕೆ ಪಿಎಚ್.ಡಿ. ಬೇಕೇ ಸಿಸ್ಟರ್?" ಎಂದು ನಗುವವರು ನಮ್ಮ ಆಸ್ಪತ್ರೆಗಳ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ಅವರಿಗೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಕೆಲಸವನ್ನು ನೆನಪಿಸಬೇಕು. 1854ರಲ್ಲಿ ಆಕೆ ತಮ್ಮ ದಾದಿಯರ ತಂಡದೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದರು. ಕೈಯಲ್ಲಿ ದೀಪ ಹಿಡಿದ ಚಿತ್ರವನ್ನು ನಾವೆಲ್ಲ ಗೋಡೆಗೆ ತೂಗುಹಾಕಿದ್ದೇವೆ. ಆದರೆ ಯುದ್ಧದಿಂದ ಹಿಂದಿರುಗಿದ ಮೇಲೆ ಅವರು ಹಿಡಿದದ್ದು ಲೆಕ್ಕದ ಪುಸ್ತಕವನ್ನು. ಗಾಯಗಳಿಂದ ಸತ್ತ ಸೈನಿಕರಿಗಿಂತ, ತಡೆಯಬಹುದಾಗಿದ್ದ ಸಾಂಕ್ರಾಮಿಕ ರೋಗಗಳಿಂದ ಸತ್ತವರೇ ಬಹಳ ಹೆಚ್ಚು ಎಂಬುದನ್ನು ಅಂಕಿ ಅಂಶಗಳಿಂದಲೂ ಬಣ್ಣದ ನಕ್ಷೆಗಳಿಂದಲೂ ತೋರಿಸಿಕೊಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಫೆಲೋ ಆಗಿ ಆರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಅಂದರೆ ಶುಶ್ರೂಷೆಯೂ ಸಂಶೋಧನೆಯೂ ಬೇರೆಬೇರೆ ಮನೆಯವಲ್ಲ, ಹುಟ್ಟಿನಿಂದಲೇ ಒಂದೇ ಮನೆಯ ಮಕ್ಕಳು.

ಇನ್ನು ಆನ್‌ಲೈನ್ ಡಾಕ್ಟರೇಟಿನ ವಿಷಯಕ್ಕೆ ಬರೋಣ. ಈ ಮಾತು ಬಂದದ್ದು ಅಮೆರಿಕದಿಂದ. ಅಲ್ಲಿ ನರ್ಸಿಂಗ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಡಾಕ್ಟರೇಟ್‌ಗಳಿವೆ. ಒಂದು ನಮಗೆ ಪರಿಚಯವಿರುವ ಪಿಎಚ್.ಡಿ. ಇನ್ನೊಂದು ಡಿ.ಎನ್.ಪಿ., ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ವೃತ್ತಿಯನ್ನೇ ಆಧಾರವಾಗಿಟ್ಟುಕೊಂಡ ಡಾಕ್ಟರೇಟನ್ನು 1979ರಲ್ಲಿ ಓಹಿಯೋ ರಾಜ್ಯದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಬೇರೆ ಹೆಸರಿನಲ್ಲಿ ಆರಂಭಿಸಿತ್ತು. ಡಿ.ಎನ್.ಪಿ. ಎಂಬ ಹೆಸರಿನ ಪದವಿಯನ್ನು 2001ರಲ್ಲಿ ಮೊದಲಿಗೆ ಆರಂಭಿಸಿದ್ದು ಕೆಂಟಕಿ ವಿಶ್ವವಿದ್ಯಾಲಯ. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘವು, ನರ್ಸ್ ಪ್ರಾಕ್ಟೀಷನರ್ ಮೊದಲಾದ ಉನ್ನತ ವೃತ್ತಿಗೆ ಬರುವವರ ಶಿಕ್ಷಣ 2015ರ ಹೊತ್ತಿಗೆ ಡಾಕ್ಟರೇಟ್ ಮಟ್ಟಕ್ಕೆ ಏರಬೇಕೆಂದು ನಿರ್ಣಯಿಸಿತು. ಆ ಗಡುವು ಪೂರ್ತಿಯಾಗಿ ಈಡೇರಲಿಲ್ಲ. ಸ್ನಾತಕೋತ್ತರ ಪದವಿಯ ದಾರಿ ಇನ್ನೂ ತೆರೆದೇ ಇದೆ. ಆದರೆ ಅರಿವಳಿಕೆ ಕೊಡುವ ನರ್ಸ್‌ಗಳ ವಿಷಯದಲ್ಲಿ ಮಾತ್ರ 2022ರಿಂದ ಹೊಸದಾಗಿ ಸೇರುವವರು ಡಾಕ್ಟರೇಟ್ ಮಟ್ಟದ ಶಿಕ್ಷಣವನ್ನೇ ಪಡೆಯಬೇಕಾಗಿದೆ.

ಈ ಎರಡು ಪದವಿಗಳ ನಡುವಿನ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮೂತ್ರದ ಕ್ಯಾಥೆಟರ್ ಹಾಕಿದ ರೋಗಿಗಳಿಗೆ ಸೋಂಕು ತಗಲುವುದನ್ನು ನೀವು ದಿನವೂ ನೋಡುತ್ತೀರಿ. ಕ್ಯಾಥೆಟರ್ ಎಷ್ಟು ದಿನ ಒಳಗಿದ್ದರೆ ಸೋಂಕಿನ ಅಪಾಯ ಹೇಗೆ ಏರುತ್ತದೆ, ಅದಕ್ಕೆ ಬೇರೆ ಯಾವ ಕಾರಣಗಳಿವೆ ಎಂದು ಇದುವರೆಗೆ ಗೊತ್ತಿಲ್ಲದ ಸಂಗತಿಯನ್ನು ಹುಡುಕುವವರು ಪಿಎಚ್.ಡಿ.ಯವರು. ಈಗಾಗಲೇ ಗೊತ್ತಿರುವ ತಿಳಿವಳಿಕೆಯನ್ನು ತನ್ನ ಆಸ್ಪತ್ರೆಗೆ ತಂದು, ದಿನಕ್ಕೊಮ್ಮೆ "ಈ ರೋಗಿಗೆ ಇನ್ನೂ ಕ್ಯಾಥೆಟರ್ ಬೇಕೇ?" ಎಂದು ಕೇಳುವ ಪದ್ಧತಿಯನ್ನು ಜಾರಿಗೆ ತಂದು, ಸೋಂಕು ಇಳಿಯಿತೇ ಇಲ್ಲವೇ ಎಂದು ಅಳೆದು ತೋರಿಸುವವರು ಡಿ.ಎನ್.ಪಿ.ಯವರು. ಒಬ್ಬರು ಬಾವಿ ತೋಡುವವರು, ಇನ್ನೊಬ್ಬರು ಆ ನೀರನ್ನು ಮನೆಮನೆಗೆ ಮುಟ್ಟಿಸುವವರು. ಇದರಲ್ಲಿ ಮೇಲುಕೀಳಿಲ್ಲ. ಆದರೆ ನಿಮಗೆ ಯಾವುದು ಬೇಕು ಎಂಬುದು ನಿಮಗೇ ಗೊತ್ತಿರಬೇಕು.

ಡಿ.ಎನ್.ಪಿ. ಪದವಿಯನ್ನು ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಇಂದು ಪೂರ್ತಿಯಾಗಿಯೋ ಭಾಗಶಃವೋ ಆನ್‌ಲೈನ್‌ನಲ್ಲಿ ನಡೆಸುತ್ತವೆ. ಪಾಠಗಳು ಅಂತರಜಾಲದಲ್ಲಿ ಬರುತ್ತವೆ. ಕೆಲವನ್ನು ನಿಗದಿಯಾದ ಹೊತ್ತಿಗೇ ಕುಳಿತು ಕೇಳಬೇಕು, ಕೆಲವನ್ನು ನಮ್ಮ ಬಿಡುವಿನಲ್ಲಿ ನೋಡಬಹುದು. ವಾರವಾರವೂ ಬರೆದು ಒಪ್ಪಿಸುವ ಕೆಲಸ ಇರುತ್ತದೆ. ಎಷ್ಟೋ ಕಡೆ ವರ್ಷಕ್ಕೆ ಒಂದೆರಡು ಬಾರಿ ಕೆಲವು ದಿನ ಕಾಲೇಜಿಗೇ ಹೋಗಿ ಇರಬೇಕಾಗುತ್ತದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಅನೇಕ ನರ್ಸ್‌ಗಳಿಗೆ ವಾರಕ್ಕೆ ಹನ್ನೆರಡು ಗಂಟೆಗಳ ಮೂರು ಪಾಳಿ. ಒಟ್ಟು 36 ಗಂಟೆ. ಉಳಿದ ನಾಲ್ಕು ದಿನಗಳಲ್ಲಿ ಓದಿಗೆ ಒಂದೆರಡು ದಿನ ಸಿಕ್ಕುತ್ತದೆ. ವಾರಕ್ಕೆ ಆರು ದಿನ ಬಸ್ಸು ಹಿಡಿದು ಆಸ್ಪತ್ರೆಗೆ ಓಡುವ ನಮ್ಮ ಸಿಸ್ಟರ್‌ಗಳ ಲೆಕ್ಕ ಬೇರೆ.

ಆದರೆ 'ಆನ್‌ಲೈನ್' ಎಂಬ ಮಾತು ಅಲ್ಲಿಯೂ ಪಾಠಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ನೀವು ಗಮನಿಸಬೇಕು. 2006ರಲ್ಲಿ ಆ ಸಂಘವೇ ಹೊರಡಿಸಿದ ಮಾರ್ಗಸೂಚಿಯು, ಪದವಿಯ ನಂತರದ ಓದಿನಲ್ಲಿ ಒಟ್ಟು 1,000 ಗಂಟೆಗಳ ಮೇಲ್ವಿಚಾರಣೆಯ ಪ್ರಾಯೋಗಿಕ ಕೆಲಸ ಇರಬೇಕೆಂದು ಹೇಳಿತ್ತು. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಅದು 125 ಪಾಳಿಗಳಾಯಿತು. 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಗಂಟೆಗಳ ಎಣಿಕೆಗಿಂತ ಕಲಿತ ಸಾಮರ್ಥ್ಯಕ್ಕೆ ಹೆಚ್ಚು ಒತ್ತು ಕೊಟ್ಟಿದ್ದರೂ, ಉನ್ನತ ಮಟ್ಟದಲ್ಲಿ ಕನಿಷ್ಠ 500 ಗಂಟೆಗಳನ್ನು ಉಳಿಸಿಕೊಂಡಿದೆ. ಈ ಗಂಟೆಗಳನ್ನು ಆಸ್ಪತ್ರೆಯಲ್ಲೋ ಚಿಕಿತ್ಸಾಲಯದಲ್ಲೋ, ಪ್ರಿಸೆಪ್ಟರ್ ಎಂದು ಕರೆಯುವ ಅನುಭವಿಯೊಬ್ಬರ ಕಣ್ಣೆದುರಿನಲ್ಲಿ ಪೂರೈಸಬೇಕು. ಅಂಥವರನ್ನು ವಿಶ್ವವಿದ್ಯಾಲಯವೇ ಹುಡುಕಿಕೊಡುತ್ತದೆಯೇ, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೇ ಎಂಬುದರ ಮೇಲೆ ಓದು ಸುಗಮವಾಗುವುದೋ ತಡವಾಗುವುದೋ ನಿಂತಿರುತ್ತದೆ. ಪಾಠವೆಲ್ಲ ಮುಗಿದರೂ ಪ್ರಿಸೆಪ್ಟರ್ ಸಿಕ್ಕದೆ ಕಾಯುವವರು ಅಲ್ಲಿಯೂ ಇದ್ದಾರೆ.

ನಿಮ್ಮ ಅಕ್ಕನೋ ತಂಗಿಯೋ ಗೆಳತಿಯೋ ಅಮೆರಿಕದಲ್ಲಿ ನರ್ಸ್ ಆಗಿದ್ದರೆ, ಅವರಿಗೆ ಈ ದಾರಿ ನಿಜವಾದ ದಾರಿಯೇ. ಅವರು ನೋಡಬೇಕಾದ್ದು ಇಷ್ಟು. ಅಲ್ಲಿನ ನರ್ಸಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆಗಳಲ್ಲಿ ಒಂದು ಆ ಕೋರ್ಸಿಗೆ ಮಾನ್ಯತೆ ಕೊಟ್ಟಿದೆಯೇ? ತಾವು ವಾಸಿಸುವ ರಾಜ್ಯದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿ ಆ ವಿಶ್ವವಿದ್ಯಾಲಯಕ್ಕೆ ಇದೆಯೇ? ಕೆಲಸ ಕೊಟ್ಟ ಆಸ್ಪತ್ರೆ ಶುಲ್ಕದಲ್ಲಿ ಪಾಲು ಕೊಡುತ್ತದೆಯೇ, ಕೊಟ್ಟರೆ ಅದಕ್ಕೆ ಪ್ರತಿಯಾಗಿ ಎಷ್ಟು ವರ್ಷ ಅಲ್ಲೇ ದುಡಿಯಬೇಕು?

ಆದರೆ ಹಾಸನದಲ್ಲೋ ಬಳ್ಳಾರಿಯಲ್ಲೋ ಕಾರವಾರದಲ್ಲೋ ಕುಳಿತ ನಿಮಗೆ? ಇಲ್ಲಿ ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ನವೆಂಬರಿನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ, ನಮ್ಮ ದೇಶದ ಯಾವ ಉನ್ನತ ಶಿಕ್ಷಣ ಸಂಸ್ಥೆಯೂ ಪಿಎಚ್.ಡಿ.ಯನ್ನು ದೂರ ಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ನಡೆಸುವಂತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ವಿದೇಶಿ ಸಂಸ್ಥೆಗಳ ಸಹಯೋಗವಿದೆಯೆಂದು ಹೇಳಿಕೊಂಡು ಖಾಸಗಿ ಕಂಪನಿಗಳು ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು ಆಯೋಗ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. 2020ರ ಆನ್‌ಲೈನ್ ಶಿಕ್ಷಣದ ನಿಯಮಾವಳಿಯಲ್ಲಿಯೂ ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿಗಳ ಜೊತೆಗೆ ನರ್ಸಿಂಗ್ ಅನ್ನು ಹೊರಗಿಡಲಾಗಿದೆ. ನನ್ನ ವಿದ್ಯಾರ್ಥಿನಿ ತಂದ ಕರಪತ್ರ ಈ ಮಾತುಗಳಲ್ಲಿ ಒಂದನ್ನೂ ಹೇಳಿರಲಿಲ್ಲ. 'ಅಂತಾರಾಷ್ಟ್ರೀಯ ಮನ್ನಣೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಮನ್ನಣೆ ಕೊಟ್ಟವರು ಯಾರೆಂಬುದನ್ನು ಮಾತ್ರ ಬಿಟ್ಟಿತ್ತು.

ಆಕೆಯ ಮುಖ ಬಾಡಿತು. "ಹಾಗಾದರೆ ನಮ್ಮಂಥವರಿಗೆ ಇದು ಬರೆದಿಲ್ಲ ಅಂತೀರಾ ಮೇಡಂ?" ಎಂದಳು. ಹಾಗೇನೂ ಇಲ್ಲ. ಬಾಗಿಲು ಇದೆ, ಅದು ಬೇರೆ ಕಡೆ ಇದೆ.

ಅದೇ 2022ರ ನಿಯಮಾವಳಿ, ಕೆಲಸದಲ್ಲಿರುವವರು ಅರೆಕಾಲಿಕವಾಗಿ, ಅಂದರೆ ಪಾರ್ಟ್ ಟೈಮ್ ಆಗಿ ಪಿಎಚ್.ಡಿ. ಮಾಡಲು ಅವಕಾಶ ಕೊಟ್ಟಿದೆ. ಅದಕ್ಕೆ ನಿಮ್ಮ ಆಸ್ಪತ್ರೆಯ ಅಥವಾ ಇಲಾಖೆಯ ಅಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರದಲ್ಲಿ ಮೂರು ಮಾತಿರಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಕೊಟ್ಟಿದೆ; ಕಚೇರಿಯ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಕ್ಕುತ್ತದೆ; ಅಗತ್ಯ ಬಿದ್ದರೆ ಕೋರ್ಸ್ ವರ್ಕ್ ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ. ಈ ಮೂರನೆಯ ಮಾತಿನ ಬೆಲೆ ಎಷ್ಟೆಂಬುದು ಓದು ಆರಂಭವಾದ ಮೇಲೆ ತಿಳಿಯುತ್ತದೆ. ಬರಿಯ 'ಆಕ್ಷೇಪಣೆ ಇಲ್ಲ' ಎಂಬ ಒಂದು ಸಾಲಿನ ಪತ್ರಕ್ಕೆ ತೃಪ್ತಿಪಟ್ಟುಕೊಳ್ಳಬೇಡಿ.

ಎಂ.ಎಸ್ಸಿ.ಯಲ್ಲಿ ಕನಿಷ್ಠ ಶೇಕಡಾ 55 ಅಂಕ ಇರಬೇಕು. ಮೀಸಲಾತಿಯ ವರ್ಗದವರಿಗೆ ಶೇಕಡಾ 5ರ ಸಡಿಲಿಕೆ ಇದೆ. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್. ಅವಧಿ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಿಕ್ಕಬಹುದು, ಆದರೆ ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಮಕ್ಕಳ ಪಾಲನೆಗೆಂದು ಒಟ್ಟು 240 ದಿನಗಳವರೆಗೆ ರಜೆಗೂ ಅವಕಾಶವಿದೆ. ಇವು ದೇಶದ ಸಾಮಾನ್ಯ ನಿಯಮಗಳು. ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೂ ನೀವು ಸಾಲುಸಾಲಾಗಿ ಓದಿಕೊಳ್ಳಬೇಕು. ಹದಿನೆಂಟು ತಿಂಗಳಲ್ಲಿ ಪಿಎಚ್.ಡಿ. ಕೊಡುತ್ತೇವೆ ಎನ್ನುವವರ ಮಾತನ್ನು ಈ ಮೂರು ವರ್ಷದ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಸುಳ್ಳು ತಾನಾಗಿಯೇ ಹೊರಬೀಳುತ್ತದೆ.

ನಮ್ಮ ರಾಜ್ಯದಲ್ಲಿ ಈ ಕೆಲಸದ ಕೇಂದ್ರ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಭಾರತೀಯ ಶುಶ್ರೂಷಾ ಪರಿಷತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ನರ್ಸಿಂಗ್ ಪಿಎಚ್.ಡಿ.ಗಾಗಿ ಒಂದು ರಾಷ್ಟ್ರೀಯ ಒಕ್ಕೂಟವನ್ನು ರಚಿಸಿದಾಗ ಕೈಜೋಡಿಸಿದ್ದು ಇದೇ ವಿಶ್ವವಿದ್ಯಾಲಯ. ಬೇರೆಬೇರೆ ಊರುಗಳ ಅಧ್ಯಯನ ಕೇಂದ್ರಗಳನ್ನು ವಿಡಿಯೋ ಕಾನ್ಫರೆನ್ಸ್ ಮೂಲಕ ಜೋಡಿಸುವ ಏರ್ಪಾಡು ಅದರಲ್ಲಿತ್ತು. ಆದ್ದರಿಂದ ದೂರದರ್ಶಕ ಸಾಧನಗಳನ್ನು ನಾವು ದೂರವಿಟ್ಟವರಲ್ಲ. ಪಾಠ ತಂತಿಯ ಮೇಲೆ ಬರಬಹುದು. ಆದರೆ ಸಂಶೋಧನೆ ನಡೆಯಬೇಕಾದ್ದು ವಾರ್ಡಿನಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ.

ಈಗ ಬಹು ಮುಖ್ಯವಾದ ಮಾತು. ಅರ್ಜಿ ತುಂಬುವುದಕ್ಕೆ ಮೊದಲು ನಿಮ್ಮ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಅದು ಪುಸ್ತಕದಿಂದ ಎತ್ತಿದ ಪ್ರಶ್ನೆ ಆಗಬಾರದು, ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ ಆಗಿರಬೇಕು. ನನ್ನ ವಿದ್ಯಾರ್ಥಿನಿಯನ್ನು, "ಹನ್ನೊಂದು ವರ್ಷದಲ್ಲಿ ನಿನಗೆ ತುಂಬ ಸಂಕಟ ಕೊಟ್ಟದ್ದು ಏನಮ್ಮ?" ಎಂದು ಕೇಳಿದೆ. ಆಕೆ ಯೋಚಿಸಲೇ ಇಲ್ಲ. "ಹಾಸಿಗೆ ಹುಣ್ಣು ಮೇಡಂ" ಎಂದಳು. ಪಾರ್ಶ್ವವಾಯು ಬಡಿದ ಮುದುಕರು ಬರುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂದು ಪಾಠದಲ್ಲಿ ಓದಿದ್ದೇವೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಇದ್ದಾಗ ಅದು ಹೇಗೆ ಸಾಧ್ಯ? ಕೊನೆಗೆ ಅವರನ್ನು ಹೊರಳಿಸುವುದು ಜೊತೆಗೆ ಬಂದ ಸೊಸೆಯೋ ಮಗನೋ. ಅವರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ಎಳೆದು ಸರಿಸುತ್ತಾರೆ, ಚರ್ಮ ಕಿತ್ತುಬರುತ್ತದೆ.

"ನೋಡಮ್ಮ, ನಿನ್ನ ಪಿಎಚ್.ಡಿ. ಅಲ್ಲೇ ಇದೆ" ಎಂದೆ. ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯಲು ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ನರ್ಸ್‌ಗಳು ರೂಪಿಸಿದ ಒಂದು ಮಾಪಕವಿದೆ. 1987ರಲ್ಲಿ ಪ್ರಕಟವಾದದ್ದು. ನೋವು, ಒತ್ತಡ ತಿಳಿಯುವ ಶಕ್ತಿ, ಚರ್ಮದ ತೇವ, ಓಡಾಟ, ಮೈ ಹೊರಳಿಸುವ ಶಕ್ತಿ, ಆಹಾರ, ಉಜ್ಜಾಟ ಮತ್ತು ಜಾರಾಟ ಎಂಬ ಆರು ಅಂಶಗಳಿಗೆ ಅಂಕ ಹಾಕಬೇಕು. ಒಟ್ಟು 6ರಿಂದ 23ರವರೆಗೆ. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಈ ಮಾಪಕ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆದರೆ ರೋಗಿಯ ಕಡೆಯವರೇ ಅರ್ಧ ಶುಶ್ರೂಷೆ ಮಾಡುವ ನಮ್ಮ ವಾರ್ಡಿನಲ್ಲಿ, ಆ ಸೊಸೆಗೆ ಕನ್ನಡದಲ್ಲಿ, ಚಿತ್ರ ತೋರಿಸಿ, ಅರ್ಧ ಗಂಟೆ ಕಲಿಸಿಕೊಟ್ಟರೆ ಹುಣ್ಣು ಕಡಿಮೆಯಾಗುತ್ತದೆಯೇ? ಎಷ್ಟು ಕಡಿಮೆಯಾಗುತ್ತದೆ? ಮನೆಗೆ ಹೋದ ಮೇಲೂ ಆಕೆ ಅದನ್ನು ಪಾಲಿಸುತ್ತಾಳೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನೀವು ದಿನವೂ ನಿಂತಿರುವ ಜಾಗದಲ್ಲೇ ಅದು ಇದೆ. ಕೆಲಸದಲ್ಲಿರುವ ನರ್ಸ್‌ಗೆ ಸಮಯ ಕಡಿಮೆ, ನಿಜ. ಆದರೆ ಕಾಲೇಜಿನ ಕೋಣೆಯಲ್ಲಿ ಕುಳಿತವರಿಗೆ ಇಲ್ಲದ ಸಂಪತ್ತು ಆಕೆಯ ಬಳಿ ಇದೆ.

ಒಂದು ಎಚ್ಚರಿಕೆ. ನಿಮ್ಮ ರೋಗಿಯೇ ನಿಮ್ಮ ಸಂಶೋಧನೆಯ ವಿಷಯವೂ ಆದಾಗ ಜವಾಬ್ದಾರಿ ಎರಡು ಪಟ್ಟು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹಾಳೆಯನ್ನೂ ತುಂಬಬೇಡಿ. "ಸಿಸ್ಟರ್ ಕೇಳಿದರು, ಇಲ್ಲ ಅನ್ನೋದು ಹೇಗೆ" ಎಂದು ಸಹಿ ಹಾಕಿದ ಒಪ್ಪಿಗೆ ಒಪ್ಪಿಗೆಯಲ್ಲ. ಬೇಡವೆಂದರೂ ಶುಶ್ರೂಷೆಯಲ್ಲಿ ಕಡಿಮೆಯಾಗುವುದಿಲ್ಲವೆಂದು ಅವರ ಮಾತಿನಲ್ಲೇ ತಿಳಿಸಬೇಕು. ಬರೆಯುವಾಗಲೂ ಅಷ್ಟೆ. ಬೇರೆಯವರ ಪ್ರಬಂಧದಿಂದ ಎತ್ತಿದ ಸಾಲುಗಳನ್ನು ಹಿಡಿಯುವ ಯಂತ್ರಗಳಿವೆ. 2018ರ ನಿಯಮದಂತೆ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮಕ್ಕೆ ಒಳಗಾಗಬೇಕಾಗುತ್ತದೆ. "ಪ್ರಬಂಧ ಬರೆದುಕೊಡುತ್ತೇವೆ" ಎನ್ನುವವರ ಬಳಿಗಂತೂ ಸುಳಿಯಲೇಬೇಡಿ.

ಮಾರ್ಗದರ್ಶಕರ ಆಯ್ಕೆಯೂ ಸುಲಭವಲ್ಲ. ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ ಹೆಚ್ಚೆಂದರೆ 8 ಮಂದಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಮಂದಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಆದ್ದರಿಂದ ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಎರಡು ಪುಟದಲ್ಲಿ ನಿಮ್ಮ ಪ್ರಶ್ನೆಯನ್ನು ಬರೆದುಕೊಂಡು ಹೋಗಿ. ಹೆಸರಿಗಿಂತ, ನಿಮ್ಮ ಬರಹವನ್ನು ಓದಿ ತಿದ್ದಿ ಹಿಂದಿರುಗಿಸುವ ಗುಣವನ್ನು ನೋಡಿ.

ಇನ್ನು ಮನೆಯ ಮಾತು. ಓದು ನಿಮ್ಮೊಬ್ಬರದೇ ಆದರೂ ಅದರ ಭಾರವನ್ನು ಮನೆಯವರೆಲ್ಲರೂ ಹೊರಬೇಕಾಗುತ್ತದೆ. ಸೇರುವ ಮೊದಲೇ ಗಂಡನೊಡನೆ, ಅತ್ತೆಯೊಡನೆ, ಬುದ್ಧಿ ಬಂದ ಮಕ್ಕಳೊಡನೆ ಕುಳಿತು ಮಾತನಾಡಿ. "ನಾಲ್ಕೈದು ವರ್ಷ ಭಾನುವಾರ ಬೆಳಗಿನ ಹೊತ್ತು ನನ್ನದು" ಎಂದು ಹೇಳಿ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಪುಸ್ತಕ ಹಿಡಿಯಬೇಡಿ, ನಿದ್ದೆ ಮಾಡಿ. ನಿದ್ದೆಗೆಟ್ಟ ನರ್ಸ್ ಕೊಡುವ ಔಷಧದಲ್ಲಿ ತಪ್ಪಾದರೆ ಅದನ್ನು ಯಾವ ಡಾಕ್ಟರೇಟೂ ಸರಿಪಡಿಸಲಾರದು. ಪಾಳಿಯ ಪಟ್ಟಿ ಬಂದ ಕೂಡಲೇ ಓದಿನ ಗಂಟೆಗಳನ್ನು ಅದರ ಮೇಲೆಯೇ ಗುರುತು ಹಾಕಿ. ವಾರಕ್ಕೆ ಎಂಟು ಗಂಟೆ ತಪ್ಪದೆ ಸಿಕ್ಕಿದರೆ ವರ್ಷಕ್ಕೆ 400 ಗಂಟೆಗೂ ಮೀರುತ್ತದೆ. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಣದ ವಿಷಯದಲ್ಲಿಯೂ ಕಣ್ಣು ತೆರೆದಿರಲಿ. ವಾರ್ಡಿನಲ್ಲಿರುವವರಿಗೆ ಪಿಎಚ್.ಡಿ. ಬಂದ ಮರುದಿನವೇ ಸಂಬಳ ಏರುವುದಿಲ್ಲ. ಬೋಧಕ ಹುದ್ದೆಗೆ, ಪ್ರಾಂಶುಪಾಲರ ಹುದ್ದೆಗೆ, ಸಂಶೋಧನಾ ಯೋಜನೆಗಳಿಗೆ ಅದು ನೆರವಾಗುತ್ತದೆ. ಪಾಠ ಮಾಡುವುದು ಬೇಡ, ರೋಗಿಯ ಬಳಿಯೇ ಇರಬೇಕು ಎನ್ನುವವರು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ, ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣದ ಬಗ್ಗೆಯೂ ವಿಚಾರಿಸಬಹುದು. ಎಲ್ಲರಿಗೂ ಪಿಎಚ್.ಡಿ.ಯೇ ಆಗಬೇಕೆಂದೇನೂ ಇಲ್ಲ.

ನನ್ನ ವಿದ್ಯಾರ್ಥಿನಿ ಮರುದಿನ ಕಂತು ಕಟ್ಟಲಿಲ್ಲ. ಬಳೆ ಬಿಡಿಸಿಕೊಂಡು ಬಂದಳು. ಆ ವರ್ಷದ ಪ್ರವೇಶ ಪರೀಕ್ಷೆಯಲ್ಲಿ ಆಕೆಗೆ ಅಂಕ ಸಾಲಲಿಲ್ಲ. ಮುಂದಿನ ವರ್ಷ ಮತ್ತೆ ಬರೆದಳು, ಸೇರಿದಳು. ಈಗ ಎರಡನೆಯ ವರ್ಷ. ನಿರಾಕ್ಷೇಪಣಾ ಪತ್ರಕ್ಕಾಗಿ ಐದು ತಿಂಗಳು ಅಲೆದಳು. ಕೋರ್ಸ್ ವರ್ಕಿನ ಪರೀಕ್ಷೆಯ ಹಿಂದಿನ ರಾತ್ರಿಯೂ ಡ್ಯೂಟಿ ಇತ್ತು. ಪ್ರಬಂಧ ಯಾವಾಗ ಮುಗಿಯುತ್ತದೋ ಆಕೆಗೂ ತಿಳಿಯದು, ನನಗೂ ತಿಳಿಯದು. ಮೊನ್ನೆ ಫೋನ್ ಮಾಡಿದ್ದಳು. ಹಳ್ಳಿಯಿಂದ ಬಂದ ಒಬ್ಬ ಸೊಸೆ, ಕಲಿಸಿಕೊಟ್ಟಂತೆ ಮಾವನನ್ನು ಹೊದಿಕೆಯ ಸಮೇತ ಎತ್ತಿ ಮಗ್ಗುಲಾಗಿಸಿ, "ಹೀಗೇ ತಾನೇ ಸಿಸ್ಟರ್?" ಎಂದು ಕೇಳಿದಳಂತೆ. ಆ ಮುದುಕ ಇಪ್ಪತ್ತಮೂರು ದಿನ ವಾರ್ಡಿನಲ್ಲಿದ್ದು, ಬೆನ್ನಿನ ಮೇಲೆ ಒಂದು ಗಾಯವೂ ಇಲ್ಲದೆ ಮನೆಗೆ ಹೋದನಂತೆ.

ಒಬ್ಬ ರೋಗಿಯಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ. ಅದಕ್ಕೇ ತಾನೇ ಸಂಶೋಧನೆ ಬೇಕಾದದ್ದು. ಕರಪತ್ರ ನಿಮ್ಮ ಕೈಗೆ ಬಂದಾಗ ಮೊದಲು ನಿಯಮ ಕೇಳಿ, ಆಮೇಲೆ ಮಾನ್ಯತೆ ಕೇಳಿ, ಕೊನೆಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನನ್ನ ಪ್ರಶ್ನೆ ಯಾವುದು? ಆ ಪ್ರಶ್ನೆ ಸಿಕ್ಕಿದವರು ಹೆದರದೆ ಹೊರಡಿ. ನಿಮ್ಮ ಓದಿಗೆ ಶುಭವಾಗಲಿ.